ದೋಣಿ ಇಳಿಸುವಾಗ ಒಬ್ಬರೇ ಇದ್ದರೆ

ಹೋದ ವರ್ಷ ಸೆಪ್ಟೆಂಬರಿನಲ್ಲಿ 14 ಪುಟದ ಕೈಪಿಡಿಯೊಂದು ಅನುವಾದಕ್ಕೆ ಬಂತು. ಗಾಡಿಯ ಮೇಲೆ ಸಾಗಿಸಬಹುದಾದ ಸಣ್ಣ ಫೈಬರ್ ದೋಣಿಗಳನ್ನು ಮಾರುವವರು ಕಳಿಸಿದ್ದು. ಅದರಲ್ಲಿ ಎರಡು ಪುಟದ ಒಂದು ಅಧ್ಯಾಯ: ಜೊತೆಗೆ ಯಾರೂ ಇಲ್ಲದಾಗ ರ‍್ಯಾಂಪಿನಿಂದ ದೋಣಿಯನ್ನು ನೀರಿಗಿಳಿಸುವುದು ಹೇಗೆ. ನಾನು ಕೂತಿದ್ದದ್ದು ಹೌಜ್ ಖಾಸ್‌ನ ಮೂರನೇ ಮಹಡಿಯಲ್ಲಿ, ಸಮುದ್ರದಿಂದ ನೂರಾರು ಕಿಲೋಮೀಟರು ಆಚೆ. ದೆಹಲಿಯ ರಸ್ತೆಗಳಲ್ಲಿ ನಾನು ದೋಣಿ ಕಂಡದ್ದು 2023ರ ಜುಲೈಯಲ್ಲಿ ಮಾತ್ರ. ಆಗ ಯಮುನೆ 208.66 ಮೀಟರಿಗೆ ಏರಿ 1978ರ ದಾಖಲೆಯನ್ನು ಮುರಿದಿದ್ದಳು, ರಕ್ಷಣಾ ಪಡೆಯವರು ರಬ್ಬರ್ ದೋಣಿಗಳನ್ನು ಹೊತ್ತು ತಂದಿದ್ದರು.

ಆದರೂ ಕೆಲಸವನ್ನು ಧೈರ್ಯವಾಗಿ ಒಪ್ಪಿಕೊಂಡೆ. ನಾನು ಗಂಗೊಳ್ಳಿ ಕಡೆಯವಳು. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ನದಿಗಳು ಒಟ್ಟಾಗಿ ಪಂಚಗಂಗಾವಳಿಯಾಗಿ ಸಮುದ್ರ ಸೇರುವ ಊರು. ದೋಣಿಯ ಮಾತು ನನಗೆ ಗೊತ್ತು ಎಂದುಕೊಂಡಿದ್ದೆ.

ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ರ‍್ಯಾಂಪ್ ಎನ್ನುವುದಕ್ಕೆ ನಮ್ಮಲ್ಲಿ ಏನನ್ನುತ್ತಾರೆ? ದೋಣಿ ನಿಲ್ಲುವ ಜಾಗಕ್ಕೆ ಧಕ್ಕೆ ಇದೆ, ನದಿ ಕಡಲು ಸೇರುವಲ್ಲಿಗೆ ಅಳಿವೆ ಇದೆ, ದಾಟುವಲ್ಲಿಗೆ ಕಡವು ಇದೆ. ನೀರಿನೊಳಕ್ಕೆ ಹೋಗುವ ಸಿಮೆಂಟಿನ ಇಳಿಜಾರಿಗೆ ಮಾತ್ರ ಹೆಸರಿಲ್ಲ, ಏಕೆಂದರೆ ಅದು ಇರಲೇ ಇಲ್ಲ. ದೋಣಿಯನ್ನು ಮರಳ ಮೇಲಿಂದ ದೂಡುತ್ತಿದ್ದರು. ಅದೂ ಒಬ್ಬರೇ ದೂಡುವ ಪ್ರಶ್ನೆಯೇ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬರುವವರೆಗೆ ನಮ್ಮ ಕರಾವಳಿಯನ್ನು ಆಳಿದ್ದು ರಂಪಣಿ. ಆ ಬಲೆಯನ್ನು ದಡಕ್ಕೆಳೆಯಲು ಹತ್ತಾರು ಜನ ಬೇಕು, ಪಾಲು ಕೂಡ ಅಷ್ಟೂ ಜನಕ್ಕೆ. ದೋಣಿ ಇಳಿಸುವುದೆಂದರೆ ಭುಜಕ್ಕೆ ಭುಜ ತಾಗಿಸಿ ಕೂಗು ಹಾಕುತ್ತ ಮಾಡುವ ಕೆಲಸ. ಕೈಪಿಡಿಯ ಶೀರ್ಷಿಕೆಯಲ್ಲಿದ್ದ 'ಒಬ್ಬರೇ' ಎಂಬ ಪದ ನನ್ನ ಅಜ್ಜನ ಕಾಲದವರಿಗೆ ನಗೆ ತರಿಸುತ್ತಿತ್ತೇನೋ.

ಈಗ ಯಾರಿಗೂ ನಗು ಬರುವುದಿಲ್ಲ. ನನ್ನ ಮಾವನನ್ನೇ ನೋಡಿ. ಅಮ್ಮನ ತಮ್ಮ. ಮೂವತ್ತು ವರ್ಷ ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಂಡು, 58ನೇ ವಯಸ್ಸಿಗೆ ಊರಿಗೆ ಮರಳಿ, ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿಯೊಂದನ್ನು ಕೊಂಡರು. 14 ಅಡಿ, ಹಿಂದೆ ಸಣ್ಣ ಎಂಜಿನ್. ಮಾರಲಿಕ್ಕಲ್ಲ, ಬೆಳಿಗ್ಗೆ ಹೊಳೆಗೆ ಹೋಗಿ ನಾಲ್ಕು ಕಾಣೆ, ಒಂದಿಷ್ಟು ಏಡಿ ತರಲಿಕ್ಕೆ. ಮಗ ಬೆಂಗಳೂರಿನಲ್ಲಿದ್ದಾನೆ, ನೆರೆಮನೆಯ ಹುಡುಗರು ಕೊಲ್ಲಿ ದೇಶಗಳಲ್ಲಿದ್ದಾರೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚಕ್ರದ ಕೈಗಾಡಿ ಮಾಡಿಸಿಕೊಂಡರು. ಮನೆ ಹಿಂದೆ ಹೊಳೆಗೆ ಇಳಿಯುವಂತೆ ಸಿಮೆಂಟು ಹಾಕಿಸಿದರು. ಅದನ್ನು ಅವರು ಕರೆಯುವುದು ಜಾರು ಎಂದು. ನನ್ನ ಅನುವಾದದ ಮೊದಲ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. (ಕಂಪನಿಯವರು ಜಾರು ಬೇಡ, ರ‍್ಯಾಂಪೇ ಇರಲಿ ಅಂದರು. ಅದು ಬೇರೆ.)

ಕರಡು ಮುಗಿದ ಮೇಲೆ ಆ ಎರಡು ಪುಟವನ್ನು ಮಾವನಿಗೆ ವಾಟ್ಸಾಪ್ ಮಾಡಿದೆ. ಓದಿ ಫೋನ್ ಮಾಡಿದರು. "ಲಾಯ್ಕ್ ಇತ್ತ್ ಹೆಣೆ. ಆರೆ ದಿಲ್ಲಿಯಂಗೆ ಕೂಕಂಡ್ ನಂಗೆ ದೋಣಿ ದೂಡೂಕೆ ಹೇಳ್ಕೊಡ್ತ್ಯಾ?" ಎಂದು ನಕ್ಕರು. ನಾನೂ ನಕ್ಕೆ. ಅನುವಾದ ಕಳಿಸಿದೆ, ಬಿಲ್ಲೂ ಕಳಿಸಿದೆ.

ಮೂರು ವಾರದ ನಂತರ, ಅಕ್ಟೋಬರಿನ ಒಂದು ಬೆಳಿಗ್ಗೆ, ಮಾವ ಅದೇ ಜಾರಿನಲ್ಲಿ ಬಿದ್ದರು. ಮಳೆಗಾಲವಿಡೀ ಬಳಸದೆ ಬಿಟ್ಟಿದ್ದ ಸಿಮೆಂಟಿನ ಕೆಳಭಾಗಕ್ಕೆ ಹಾವಸೆ ಕಟ್ಟಿತ್ತು. ಇಳಿತದ ಹೊತ್ತು, ಆದ್ದರಿಂದ ಎಂದೂ ನೀರಿನಡಿಯೇ ಇರುವ ಆ ಭಾಗ ಹೊರಗೆ ಬಿದ್ದಿತ್ತು. ಗಾಡಿ ಬೇಗ ಇಳಿಯತೊಡಗಿತೆಂದು ಅವರು ಓಡಿಹೋಗಿ ಅದರ ಮುಂದೆ, ಅಂದರೆ ನೀರಿನ ಬದಿಗೆ, ನಿಂತು ಎರಡೂ ಕೈಯಿಂದ ತಡೆದರು. ಕಾಲು ಜಾರಿತು. ಗಾಡಿಯ ಅಡ್ಡಪಟ್ಟಿ ತೊಡೆಯ ಮೇಲೆ ಬಂದು ನಿಂತಿತು. ಸೊಂಟದವರೆಗೆ ನೀರು. ಮೂಳೆ ಮುರಿದಿರಲಿಲ್ಲ, ಆದರೆ ಎಳೆದುಕೊಳ್ಳಲಾಗಲಿಲ್ಲ. ಫೋನು ದೋಣಿಯೊಳಗೆ, ತಿಂಡಿ ಡಬ್ಬಿಯ ಪಕ್ಕದಲ್ಲಿ. ಅಷ್ಟರಲ್ಲಿ ಇಳಿತ ಮುಗಿದು ಭರತ ಶುರುವಾಗಿತ್ತು. ಏಡಿ ಹಿಡಿಯಲು ಬಂದವರೊಬ್ಬರು ಕೂಗು ಕೇಳಿ ಓಡಿಬರುವಾಗ ನೀರು ಎದೆಗೆ ಬಂದಿತ್ತು. ಸುಮಾರು 40 ನಿಮಿಷ.

ನಮ್ಮ ಕರಾವಳಿಯಲ್ಲಿ ಭರತ ಇಳಿತಗಳ ನಡುವಿನ ಅಂತರ ಎರಡು ಮೀಟರಿಗೂ ಕಡಿಮೆ. ಖಂಭಾತ್ ಕೊಲ್ಲಿಯ ಹತ್ತು ಮೀಟರಿನ ಎದುರು ಅದು ಏನೇನೂ ಅಲ್ಲ ಎಂದು ನಾನೇ ಯಾರಿಗೋ ಹೇಳಿದ್ದೆ. ಬಿದ್ದಲ್ಲೇ ಕೂತ ಮನುಷ್ಯನಿಗೆ ಮೂಗಿನವರೆಗೆ ನೀರು ಬರಲು ಒಂದು ಮೀಟರು ಸಾಕು.

ಅಮ್ಮ ಫೋನಿನಲ್ಲಿ ಅಳುತ್ತ ಹೇಳಿದ್ದನ್ನೆಲ್ಲ ಕೇಳಿ, ಫೋನಿಟ್ಟು, ನನ್ನ ಅನುವಾದದ ಫೈಲು ತೆರೆದೆ. ನಾಲ್ಕನೆಯ ಸೂಚನೆ: "ಇಳಿಜಾರಿನ ಕೆಳಬದಿಯಿಂದ ದೂರವಿರಿ." ಮೂಲಕ್ಕೆ ನಿಷ್ಠವಾಗಿತ್ತು, ವ್ಯಾಕರಣ ಸರಿಯಿತ್ತು. ಮಾವ ಅದನ್ನು ಓದಿದ್ದರು.

ದೀಪಾವಳಿಗೆ ಊರಿಗೆ ಹೋದಾಗ ಅಳುಕುತ್ತಲೇ ಕೇಳಿದೆ. "ಮಾವ, ಆ ಸಾಲು ನಿಮಗೆ ಅರ್ಥ ಆಗಿರಲಿಲ್ವಾ?" ಅವರು ಬೇಸರವಿಲ್ಲದೆ ಹೇಳಿದರು: "ಆಯಿತ್ತ್. ಕರೆಂಟ್ ಕಂಬದಿಂದ ದೂರವಿರಿ ಅಂತ ಬೋರ್ಡ್ ಇರತ್ತಲ್ದಾ, ಹಂಗೆ ಅಂದ್ಕಂಡೆ. ಅದ್ ಎಲ್ಲರಿಗೂ ಬರೂದ್, ನಂಗಲ್ಲ."

ಭಾಷಾವಿಜ್ಞಾನದ ತರಗತಿಯಲ್ಲಿ ವಿಧ್ಯರ್ಥದ ಬಗ್ಗೆ ನಾನು ಬರೆದ ಎಲ್ಲ ಪ್ರಬಂಧಗಳಿಗಿಂತ ಆ ಉತ್ತರ ಹೆಚ್ಚು ಕಲಿಸಿತು. 'ದೂರವಿರಿ', 'ಎಚ್ಚರ ವಹಿಸಿ', 'ಖಚಿತಪಡಿಸಿಕೊಳ್ಳಿ' ಇವೆಲ್ಲ ಕನ್ನಡದಲ್ಲಿ ಗೋಡೆಯ ಮೇಲಿನ ಮಾತುಗಳು. ಮನೆಯಲ್ಲಿ ಯಾರೂ ಯಾರಿಗೂ ಹೀಗೆ ಹೇಳುವುದಿಲ್ಲ. ನಮ್ಮ ಅಜ್ಜಿ ಬಾವಿಕಟ್ಟೆ ಹತ್ತಬೇಡ ಎಂದಷ್ಟೇ ಹೇಳಿ ನಿಲ್ಲಿಸುತ್ತಿರಲಿಲ್ಲ. ಹತ್ತಿದರೆ ಏನಾಗುತ್ತದೆ, ಯಾರಿಗೆ ಹಾಗಾಯಿತು ಎನ್ನುವುದೂ ಅದರ ಹಿಂದೆಯೇ ಬರುತ್ತಿತ್ತು. ನನ್ನ ಸಾಲಿನಲ್ಲಿ ಏಕೆ ಎನ್ನುವುದೇ ಇರಲಿಲ್ಲ.

ಏಕೆ ಎನ್ನುವುದನ್ನು ನಾನೂ ಯೋಚಿಸಿರಲಿಲ್ಲ. ಜಾರಿನ ಬದಿಯಲ್ಲಿ ಕೂತು ಮಾವ, ನಾನು ಲೆಕ್ಕ ಹಾಕಿದೆವು. ದೋಣಿ, ಎಂಜಿನ್, ಗಾಡಿ ಸೇರಿ ಹತ್ತಿರ ಹತ್ತಿರ 200 ಕಿಲೋ. ಜಾರು ಏಳು ಅಡಿಗೆ ಒಂದು ಅಡಿ ಇಳಿಯುತ್ತದೆ. ಅಂಥ ಇಳಿಜಾರಿನಲ್ಲಿ 200 ಕಿಲೋ ಕೆಳಕ್ಕೆ ಎಳೆಯುವುದು ಕೇವಲ 28 ಕಿಲೋದಷ್ಟು ಬಲದಿಂದ. ಒಂದು ಅಕ್ಕಿಮೂಟೆಯಷ್ಟು. ಯಾರಿಗಾದರೂ ತಡೆಯಬಲ್ಲೆ ಅನ್ನಿಸುತ್ತದೆ, ಒಣ ಸಿಮೆಂಟಿನ ಮೇಲೆ ತಡೆಯಲೂ ಆಗುತ್ತದೆ. ಮೋಸವಿರುವುದು ಅಲ್ಲೇ. ತಡೆಯುವುದು ತೋಳಲ್ಲ, ಪಾದ. ಹಾವಸೆಯ ಮೇಲೆ ಪಾದಕ್ಕೆ ಹಿಡಿತವೇ ಇಲ್ಲ, ಹವಾಯಿ ಚಪ್ಪಲಿಯಿದ್ದರಂತೂ ಕೇಳುವುದೇ ಬೇಡ. ನಾಲ್ಕು ಹೆಜ್ಜೆ ಮೇಲೆ ಸುಲಭವಾಗಿ ತಡೆದ ಗಾಡಿಯೇ ನಾಲ್ಕು ಹೆಜ್ಜೆ ಕೆಳಗೆ ನಮ್ಮನ್ನು ದೂಡಿಕೊಂಡು ಹೋಗುತ್ತದೆ.

ಒಬ್ಬರೇ ಇದ್ದಾಗ ತೋಳನ್ನೂ ಪಾದವನ್ನೂ ನಂಬದೆ ಹಗ್ಗವನ್ನು ನಂಬಬೇಕು. ಜಾರಿನ ತಲೆಯಲ್ಲಿ ತೆಂಗಿನಮರವಿತ್ತು. ಗಾಡಿಗೆ ಕಟ್ಟಿದ ಹಗ್ಗವನ್ನು ಆ ಮರಕ್ಕೆ ಮೂರು ಸುತ್ತು ಹಾಕಿ, ತುದಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಟ್ಟೆವು. ಭಾರ ಹೊರುವುದು ಮರಕ್ಕೂ ಹಗ್ಗಕ್ಕೂ ಇರುವ ಉಜ್ಜಾಟ, ಕೈಗೆ ಉಳಿಯುವುದು ಕೊಡಪಾನ ಇಳಿಸಿದಷ್ಟೂ ಅಲ್ಲ. ನಾನೇ ಒಂದು ಕೈಯಲ್ಲಿ ಇಳಿಸಿದೆ. ಮಾವ ಒಂದೇ ಮಾತು ಸೇರಿಸಿದರು: ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಗಾಡಿ ಹೋಗುವುದಾದರೆ ಗಾಡಿ ಮಾತ್ರ ಹೋಗಲಿ.

ಅವತ್ತು ಸಂಜೆ ಆ ನಾಲ್ಕನೆಯ ಸೂಚನೆಯನ್ನು ಹೀಗೆ ತಿದ್ದಿದೆ: "ಗಾಡಿ ಇಳಿಯುವಷ್ಟು ಹೊತ್ತೂ ನೀವು ಅದರ ಮೇಲ್ಬದಿಯಲ್ಲೇ ಇರಿ. ಗಾಡಿ ಜಾರಿದರೆ ಬಿಟ್ಟುಬಿಡಿ. ಕೆಳಗೆ ನಿಂತು ತಡೆಯಲು ಹೋದರೆ ಗಾಡಿ ನಿಮ್ಮ ಮೇಲೆ ಬರುತ್ತದೆ, ಎತ್ತಲು ಯಾರೂ ಇರುವುದಿಲ್ಲ." ಕಂಪನಿಯವರು ಮೊದಲೆರಡು ವಾಕ್ಯ ಒಪ್ಪಿದರು. ಮೂರನೆಯದು ಗಿರಾಕಿಗಳನ್ನು ಹೆದರಿಸುತ್ತದೆ, ಚೌಕದಲ್ಲಿ ಜಾಗವೂ ಇಲ್ಲ ಎಂದರು. ಉಳಿದದ್ದನ್ನೆಲ್ಲ ಮಾವನ ಎಂಜಿನ್ ಕೋಣೆಯ ಬಾಗಿಲಿಗೆ ಅಂಟಿಸಲು ಒಂದು ಹಾಳೆಯಲ್ಲಿ ಬರೆದೆ. ಅಲ್ಲಿ ಚೌಕದ ತೊಂದರೆಯಿಲ್ಲ.

ಆ ಹಾಳೆಯಲ್ಲಿ ಕೈಪಿಡಿಯ ಮಾತುಗಳೂ ಇವೆ, ಮಾವನವೂ ಇವೆ. ಲೈಫ್ ಜಾಕೆಟ್ ತೊಡುವುದು ದೋಣಿ ಹತ್ತಿದ ಮೇಲಲ್ಲ, ಜಾರಿಗೆ ಕಾಲಿಡುವ ಮೊದಲು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿ 16 ಮಂದಿ ಸತ್ತದ್ದು ನಮ್ಮ ಕಡೆ ಎಲ್ಲರಿಗೂ ನೆನಪಿದೆ, ಆದರೂ ಜಾಕೆಟ್ಟಿನ ಸೆಕೆಯ ಬಗ್ಗೆ ದೂರು ನಿಲ್ಲುವುದಿಲ್ಲ. ಫೋನು ನೀರು ಹೋಗದ ಚೀಲದಲ್ಲಿ, ಕುತ್ತಿಗೆಗೆ. ಅದರ ಜೊತೆ ಒಂದು ಸೀಟಿ, ಏಕೆಂದರೆ 40 ನಿಮಿಷ ಕೂಗಲು ಗಂಟಲಿಗೆ ಆಗುವುದಿಲ್ಲ. ದೋಣಿಯ ತಳದ ಬಿರಡೆ ಹಾಕಿದ್ದೇನೆಯೇ ಎಂದು ಅಂಗಳದಲ್ಲೇ ಮುಟ್ಟಿ ನೋಡಬೇಕು. ಮುಂಬದಿಯ ಹಗ್ಗವನ್ನು ದಡದ ಗೂಟಕ್ಕೆ ಮೊದಲೇ ಕಟ್ಟಿರಬೇಕು, ಇಲ್ಲದಿದ್ದರೆ ತೇಲಿದ ದೋಣಿ ನಮ್ಮನ್ನು ಬಿಟ್ಟು ಕುಂದಾಪುರಕ್ಕೆ ಹೊರಡುತ್ತದೆ. ಎಂಜಿನ್ನಿನ ಕೆಂಪು ದಾರದ ಕೊಕ್ಕೆ ಮಣಿಕಟ್ಟಿಗೆ. ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ, ನಿಲ್ಲದ ದೋಣಿಯನ್ನು ಈಜಿ ಹಿಡಿದವರಿಲ್ಲ. ಹಿಂಬದಿಗೆ ಕಾಲಿಡಲು ಒಂದು ಹಗ್ಗದ ಕುಣಿಕೆ. ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093, ದಪ್ಪ ಅಕ್ಷರದಲ್ಲಿ.

ಕಾರಿನ ಹಿಂದೆ ಗಾಡಿ ಕಟ್ಟಿ ಇಳಿಸುವವರಿಗೆ ಕೈಪಿಡಿ ಇನ್ನೂ ಒಂದಿಷ್ಟು ಹೇಳುತ್ತದೆ: ಹ್ಯಾಂಡ್ ಬ್ರೇಕ್, ಗೇರು, ಚಕ್ರಕ್ಕೆ ಕಲ್ಲು, ಮೂರೂ ಬೇಕು, ಹಿಂದಕ್ಕೆ ಇಳಿಸುವಾಗ ಕಿಟಕಿ ತೆರೆದಿರಲಿ. ಮಾವನ ಬಳಿ ಕಾರಿಲ್ಲ, ಅದನ್ನು ಬಿಟ್ಟೆ.

ಯಾವ ಹೊತ್ತಿಗೆ ಇಳಿಸಬೇಕು ಎನ್ನುವಲ್ಲಿ ಇಬ್ಬರಿಗೂ ಜಗಳವಾಯಿತು. ಭರತ ಏರುವಾಗ ಇಳಿಸಿ, ದೋಣಿ ಸಿಕ್ಕಿಕೊಂಡರೂ ನೀರೇ ಎತ್ತುತ್ತದೆ ಎನ್ನುತ್ತದೆ ಕೈಪಿಡಿ. ಮನುಷ್ಯ ಸಿಕ್ಕಿಕೊಂಡರೆ ಅದೇ ನೀರು ಏನು ಮಾಡುತ್ತದೆ ಎಂದು ನಾನು ಕೇಳಿದೆ. ಕೊನೆಗೆ ಭರತ ಮುಕ್ಕಾಲು ಆದ ಮೇಲೆ ಎಂದು ಒಪ್ಪಂದವಾಯಿತು. ಆಗ ಹಾವಸೆಯ ಭಾಗ ಮುಳುಗಿರುತ್ತದೆ, ಒಣ ಸಿಮೆಂಟಿನಿಂದಲೇ ದೋಣಿ ತೇಲುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಮಾವನ ಬೆಳಗು ಕೆಲವು ದಿನ ಐದಕ್ಕೆ, ಕೆಲವು ದಿನ ಹತ್ತಕ್ಕೆ. ಇದರಿಂದ ಅತ್ತೆಯ ತಿಂಡಿಯ ಲೆಕ್ಕ ತಪ್ಪಿದೆಯಂತೆ.

ಇಲ್ಲಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಕೆರೆಯ ಕಡೆ ನಡೆದೆ. ಅಲಾವುದ್ದೀನ್ ಖಿಲ್ಜಿ ತೋಡಿಸಿದ, ಹೂಳು ತುಂಬಿದ ಮೇಲೆ ಫಿರೋಜ್ ಷಾ ತುಘಲಕ್ ಮತ್ತೆ ಎತ್ತಿಸಿದ ಕೆರೆ ಇದು. ಈಗ ಅದರಲ್ಲಿರುವುದು ಸಂಸ್ಕರಿಸಿದ ಕೊಳಚೆ ನೀರು, ಹಸಿರು ಬಣ್ಣ. ಫಿರೋಜನ ಮದರಸಾದಿಂದ ನೀರಿನತ್ತ ಕಡಿದಾದ ಕಲ್ಲಿನ ಮೆಟ್ಟಿಲುಗಳಿವೆ. ಹತ್ತು ವರ್ಷ ನೋಡಿದ್ದೇನೆ. ಅವತ್ತು ಮೊದಲ ಬಾರಿಗೆ ನನ್ನ ಕಣ್ಣು ಹೋದದ್ದು ಹಗ್ಗ ಸುತ್ತಲು ಮೇಲೆ ಕಂಬವೇನಾದರೂ ಇದೆಯೇ ಎಂದು.

ಡಿಸೆಂಬರಿನಿಂದ ಮಾವ ಮತ್ತೆ ಹೊಳೆಗೆ ಹೋಗುತ್ತಿದ್ದಾರೆ. ಹೋಗುವಾಗ ನನಗೊಂದು ಮಿಸ್ಡ್ ಕಾಲ್, ಮರಳಿ ಗಾಡಿ ಮೇಲೆಳೆದ ಮೇಲೆ ಇನ್ನೊಂದು. ಎರಡರ ನಡುವೆ ಮೂರು ಗಂಟೆ ದಾಟಿದರೆ ನಾನು ನೆರೆಮನೆಯವರಿಗೆ ಫೋನ್ ಮಾಡಬೇಕು, ಅವರ ನಂಬರು ನನ್ನ ಮೇಜಿನ ಮೇಲಿದೆ. ಒಂದೇ ಸಲ ಹಾಗೆ ಮಾಡಿದ್ದೇನೆ. ಅವರು ಓಡಿಹೋಗಿ ನೋಡಿದರೆ ದೋಣಿ ಅಂಗಳದಲ್ಲಿ ಮಗುಚಿ ಒಣಗುತ್ತಿತ್ತು, ಮಾವ ಪೇಟೆಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದರು. "ಮರ್ತೇಹೋಯ್ತ್ ಹೆಣೆ" ಎಂದರು. ಹತ್ತು ನಿಮಿಷ ಬೈದೆ. ಮರುದಿನ ಬೆಳಿಗ್ಗೆ 5.50ಕ್ಕೆ ಫೋನು ಒಂದು ಸಲ ರಿಂಗಾಗಿ ನಿಂತಿತು. ಎದ್ದು ಚಹಾಕ್ಕೆ ನೀರಿಟ್ಟು, ಮೇಜಿನ ಹತ್ತಿರ ಕೂತೆ.