ತಾತನ ರಿವಾಲ್ವರಿಗೊಂದು ಸ್ಪ್ರಿಂಗು

ತಾತನ ವೆಬ್ಲಿ ರಿವಾಲ್ವರಿನ ಮೇನ್ ಸ್ಪ್ರಿಂಗ್ ಮುರಿದಿದೆಯಂತೆ. ಕೈಲ್‌ಪೊಳ್ದಿಗೆ ಮುರುಕು ಕೋವಿಗೆ ತೋಕ್‌ಪೂ ಸಿಕ್ಕಿಸೋದಾ ಅಂತ ಅಪ್ಪನಿಗೆ ಸಂಕಟ. "ನೀವಿರೋ ಬರ್ಮಿಂಗ್‌ಹ್ಯಾಮೇ ಅದು ಹುಟ್ಟಿದೂರು, ಹುಡುಕಿ" ಅಂದ್ರು.

ಶನಿವಾರ ನಾವಿಬ್ಬರೂ ಗನ್ ಕ್ವಾರ್ಟರ್ ಸುತ್ತಿದೆವು. ಹೆಸರಿಗೆ ಕೋವಿಗಳ ಕೇರಿ, ಉಳಿದಿರೋದು ಬೆರಳೆಣಿಕೆ ಅಂಗಡಿ. 1997ರ ಕಾನೂನು ಬಂದ ಮೇಲೆ ಇಲ್ಲಿ ರಿವಾಲ್ವರು ಬಹುಪಾಲು ನಿಷೇಧ. ಕೊನೆಗೆ ಒಬ್ಬ ಮುದುಕರ ಡ್ರಾಯರಿನಲ್ಲಿ 'ವಿ' ಆಕಾರದ ಸ್ಪ್ರಿಂಗು ಸಿಕ್ತು, ಬೆರಳುದ್ದವೂ ಇಲ್ಲ. ಅಪ್ಪನಿಗೆ ಖುಷಿಯೋ ಖುಷಿ. ಆದ್ರೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. ಕೊಡವರಿಗೆ ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ, ಆಮದಿಗಲ್ಲ. ಲೆಕ್ಕ ಬರೆಯೋ ಕೈ ಕಸ್ಟಮ್ಸ್ ಫಾರಂನಲ್ಲಿ 'ಆಟಿಕೆ' ಅಂತ ಬರೆಯುತ್ತದೆಯೇ?

ಕೊಳ್ಳಲಿಲ್ಲ. ಅಳತೆ, ದಪ್ಪ, ಫೋಟೋ ಮಾತ್ರ ಕಳಿಸಿದೆವು. ಅಪ್ಪ ಎರಡು ದಿನ ಮಾತಾಡಲಿಲ್ಲ. ಈಗ ಲೈಸೆನ್ಸ್ ಇರುವ ರಿಪೇರಿಯವರೊಬ್ಬರು ಉಕ್ಕಿನಲ್ಲಿ ಹೊಸದು ಮಾಡ್ತಿದ್ದಾರೆ. ಸೆಪ್ಟೆಂಬರ್ 3ರೊಳಗೆ ಬೇಕು ಅಂತ ಅಪ್ಪ ದಿನಾ ಅವರ ಅಂಗಡಿ ಬೆಂಚಿನ ಮೇಲೆ.