ಮೂರು ಗುಂಡಿಯ ವಾಟರ್ ಸರ್ವಿಸ್

ಕಬ್ಬಿಣದ ಅದಿರಿನ ಭರಾಟೆಯ ಕಾಲದಲ್ಲಿ ಬಳ್ಳಾರಿಯ ಗ್ಯಾರೇಜುಗಳಲ್ಲಿ ದುಡಿದವರಿಗೆಲ್ಲ ಲಾರಿ ತೊಳೆದ ನೀರು ಗೊತ್ತು. ಸಂಡೂರು ಗಣಿಗಳ ಕಡೆಯಿಂದ ಬಂದ ಲಾರಿಗೆ ಪ್ರೆಷರ್ ಹಿಡಿದರೆ ಚಾಸಿಗೆ ಮೆತ್ತಿದ ಕೆಮ್ಮಣ್ಣು ಹೆಂಟೆಹೆಂಟೆಯಾಗಿ ಉದುರುತ್ತಿತ್ತು. ಜೊತೆಗೆ ಗ್ರೀಸು, ಡೀಸೆಲ್ಲು, ಸೋರಿದ ಇಂಜಿನ್ ಆಯಿಲು. ಎಲ್ಲವೂ ಸೀದಾ ರಸ್ತೆ ಚರಂಡಿಗೆ. ದೊಡ್ಡ ಮಳೆ ಬಿದ್ದ ದಿನ ಅಂಗಳ ತಿಂಗಳುಗಟ್ಟಲೆ ಕುಡಿದಿಟ್ಟುಕೊಂಡ ಎಣ್ಣೆಯೂ ಎದ್ದು ಹೊರಡುತ್ತಿತ್ತು. ಊರ ನೀರು ಇಳಿಯುವುದು ಹಗರಿ ಹೊಳೆಯ ಕಡೆಗೆ. ಹಗರಿ ತುಂಗಭದ್ರೆಯನ್ನು ಸೇರುವುದು ಸಿರುಗುಪ್ಪ ಸೀಮೆಯಲ್ಲಿ. ಅಲ್ಲಿ ಭತ್ತ ಬೆಳೆಯುವ ನಮ್ಮ ಬೀಗರು, “ಲಾರಿ ತೊಳದ ನೀರು ನಮ್ ಗದ್ದಿಗೆ ಬಿಡ್ತೀರಲ್ರೀ” ಅಂದಾಗ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗ್ಯಾರೇಜುಗಳು ಖಾಲಿ ಹೊಡೆದವು. 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಮತ್ತೆ ತೆರೆದುಕೊಂಡವು. ಆದರೆ ಗಣಿ ಪ್ರದೇಶದ ಪುನಶ್ಚೇತನ ಯೋಜನೆಯ ಷರತ್ತು ಜೊತೆಗಿತ್ತು. ಮಣ್ಣಿನ ದಿಬ್ಬಗಳ ಬುಡಕ್ಕೆ ತಡೆಗೋಡೆ, ಕೊರಕಲುಗಳಿಗೆ ಅಡ್ಡ ಕಲ್ಲುಕಟ್ಟು, ಕೆಳಗೆ ಚೆಕ್ ಡ್ಯಾಂ, ಹೂಳು ತಂಗಿಸುವ ತೊಟ್ಟಿ. ಯಂತ್ರ ರಿಪೇರಿಗೆ ಗಣಿಗಳಿಗೆ ಹೋದಾಗ ಅವುಗಳ ಮುಂದೆ ನಿಂತು ನೋಡಿದ್ದೇನೆ. ನೀರಿನ ಓಟ ತಗ್ಗಿಸಿದರೆ ಮಣ್ಣು ತಾನಾಗಿ ತಳ ಹಿಡಿಯುತ್ತದೆ. ಸಣ್ಣ ಮರಳು ಒಂದು ಮೀಟರ್ ಇಳಿಯಲು ಒಂದೆರಡು ನಿಮಿಷ ಸಾಕು. ತೀರ ನುಣುಪಾದ ಜೇಡಿಗೆ ಎರಡು ಮೂರು ದಿನವೂ ಬೇಕು. ಹಾಗಾಗಿ ಮಣ್ಣನ್ನು ಹೊರಟಲ್ಲೇ ತಡೆಯಬೇಕು, ಹೊಳೆಗೆ ಬಿದ್ದ ಮೇಲಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಆ ಹೂಳೆಲ್ಲ ಗಣಿಯದೆಂದು ನಾನು ಹೇಳುವುದಿಲ್ಲ, ಮಲೆನಾಡಿನಿಂದ ಬಯಲಿನವರೆಗೆ ಎಲ್ಲರ ಹೊಲದ ಮಣ್ಣೂ ಅಲ್ಲಿದೆ. ನಷ್ಟ ಮಾತ್ರ ಕಾಲುವೆಯ ಕೊನೆ ಭಾಗದ ರೈತರದು.

ನಮ್ಮ ಗ್ಯಾರೇಜಿನ ವಾಟರ್ ಸರ್ವಿಸ್‌ಗೂ, ಅಂದರೆ ಗಾಡಿ ತೊಳೆಯುವ ಜಾಗಕ್ಕೂ, ಆಮೇಲೆ ಮೂರು ಗುಂಡಿ ಬಂದವು. ಮೊದಲನೆಯದರಲ್ಲಿ ಮಣ್ಣು ತಂಗುತ್ತದೆ. ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಅದರಲ್ಲಿರುವ ಎಲ್ಬೋ ಪೈಪಿನ ಬಾಯಿ ಕೆಳಮುಖವಾಗಿ ಮುಳುಗಿರುವುದರಿಂದ ಅಡಿಯ ನೀರಷ್ಟೇ ಮೂರನೆಯದಕ್ಕೆ ದಾಟುತ್ತದೆ. ಸೋಪಿನ ಪುಡಿ ಹೆಚ್ಚಾದ ದಿನ ಎಣ್ಣೆ ತೇಲುವುದೇ ಇಲ್ಲ, ಮಜ್ಜಿಗೆಯ ಹಾಗೆ ಕದಡಿ ಹೊರಗೆ ಹೋಗಿಬಿಡುತ್ತದೆ. ಶೆಡ್ಡಿನ ಮೇಲಿನ ಮಳೆನೀರನ್ನು ಈ ಗುಂಡಿಗೆ ಬಿಡಲೇಬಾರದು. ಬಿಟ್ಟರೆ ಒಂದೇ ಮಳೆ, ಹಿಡಿದಿಟ್ಟದ್ದೆಲ್ಲ ಕೊಚ್ಚಿಕೊಂಡು ಚರಂಡಿಗೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಗುಂಡಿಯ ಹೂಳು ಎತ್ತುವುದು. ಹೂಳು ತುಂಬಿದ ಗುಂಡಿ ಇದ್ದೂ ಇಲ್ಲದ ಹಾಗೆ. ಎಷ್ಟೋ ಕಡೆ ತೋರಿಕೆಗೆ ತೋಡಿ ಮುಚ್ಚಳ ಹಾಕಿದ್ದನ್ನು ಕಂಡು ಹೊಟ್ಟೆ ಉರಿದಿದೆ. ನಮ್ಮಲ್ಲಿ ಅಮಾವಾಸ್ಯೆ ಪೂಜೆಗೆ ಮೊದಲು ಹೂಳು ಎತ್ತುವ ರೂಢಿ ಮಾಡಿಕೊಂಡೆವು. ತೆಗೆದ ಎಣ್ಣೆ ಡ್ರಮ್ಮಿಗೆ, ಡ್ರಮ್ಮು ಪರವಾನಗಿ ಇರುವ ಮರುಬಳಕೆಯವರಿಗೆ.

ಸಿರುಗುಪ್ಪ, ಕುರುಗೋಡು ಕಡೆ ಈಗ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರಗಳದೇ ಓಡಾಟ. ಅವನ್ನು ಕಾಲುವೆ ದಂಡೆಯಲ್ಲೇ ತೊಳೆಯುವವರಿದ್ದಾರೆ. ಅದು ನಿಲ್ಲಬೇಕು. ಮೊನ್ನೆ ಕುರುಗೋಡಿನ ಹುಡುಗನೊಬ್ಬ ಹೊಸ ಸರ್ವಿಸ್ ಹಾಕುತ್ತೇನೆಂದು ಸಿಮೆಂಟ್ ರಿಂಗ್ ಇಳಿಸಿ, ಎಲ್ಬೋ ಎಷ್ಟು ಆಳಕ್ಕೆ ಇಡಬೇಕೆಂದು ಕೇಳಲು ಬಂದಿದ್ದ. “ಎರಡೇ ಗುಂಡಿ ಸಾಕಲ್ಲಣ್ಣ?” ಅಂದ. ಸಾಲದು ಅಂದೆ. ಮರುದಿನ ನಾನೇ ಹೋಗಿ ಮೂರನೆಯದಕ್ಕೆ ಗುರುತು ಹಾಕಿಸಿದೆ.