ನೂರೋ, ನೂರಾ ಮೂವತ್ತೈದೋ?

ಆರ್‌ಎಕ್ಸ್ ಎಂದರೆ ನಮ್ಮ ಕಡೆ ಒಂದೇ ಅರ್ಥ: ಯಮಹಾ ಆರ್‌ಎಕ್ಸ್ 100. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಬೈಕು. ಅದರ ಸದ್ದು ಕೇಳಿದರೆ ಇವತ್ತಿಗೂ ರಾಜೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗರ ಕತ್ತು ತಾನಾಗಿ ತಿರುಗುತ್ತದೆ. ಸಿನಿಮಾದವರು 2015ರಲ್ಲಿ ನಾಯಕನ ಹೆಸರಿಗೇ ಅಂಟಿಸಿ ‘ಆರ್‌ಎಕ್ಸ್ ಸೂರಿ’ ತೆಗೆದರು. ಆದರೆ ಜಪಾನಿನಲ್ಲಿ ಇನ್ನೊಂದು ಆರ್‌ಎಕ್ಸ್ ಇದೆ ಎಂದು ನನಗೆ ತಿಳಿದದ್ದು ನಮ್ಮ ಭಾಯ್‌ಜಾನ್ ಮೊಬೈಲಿನಲ್ಲಿ ತೋರಿಸಿದಾಗ. ಅದು ಮಜ್ದಾ ಕಂಪನಿಯ ಆರ್‌ಎಕ್ಸ್-7 ಸ್ಪೋರ್ಟ್ಸ್ ಕಾರು.

ಆ ಕಾರಿನ ಇಂಜಿನ್‌ನಲ್ಲಿ ಪಿಸ್ಟನ್ನೇ ಇಲ್ಲ! ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಂಡುಹಿಡಿದ ರೋಟರಿ ಇಂಜಿನ್ ಅದು. ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಗೂಡಿನ ಆಕಾರ ಶೇಂಗಾಕಾಯಿಯಂತೆ, ನಡುವೆ ತುಸು ಕುಗ್ಗಿದ್ದು. ಸುತ್ತುತ್ತಲೇ ರೋಟರಿನ ಮೂರೂ ಬದಿಗಳಲ್ಲಿ ಪೆಟ್ರೋಲು-ಗಾಳಿ ಒಳಬರುವುದು, ಒತ್ತುವುದು, ಉರಿಯುವುದು, ಹೊಗೆ ಹೋಗುವುದು ಒಂದರ ಹಿಂದೊಂದು ನಡೆಯುತ್ತವೆ. ಹೆಡ್ಡಿನಲ್ಲಿ ವಾಲ್ವ್ ಇಲ್ಲ. ತುದಿಗಳ ಸೀಲು ಬೇಗ ಸವೆಯಬಾರದೆಂದು ಆಯಿಲ್ ಕೂಡ ಚೂರುಚೂರೇ ಸುಡುತ್ತದೆ. ನಮ್ಮ ಟೂ-ಸ್ಟ್ರೋಕ್ ಆರ್‌ಎಕ್ಸ್ 100ಕ್ಕೂ ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಅದೂ ಆಯಿಲ್ ಸುಡುತ್ತದೆ. ಸಂಬಂಧವಿಲ್ಲದ ಎರಡು ಕಂಪನಿಗಳು, ಆದರೂ ದೂರದ ನೆಂಟರ ಹಾಗೆ ಕಾಣುತ್ತವೆ.

2002ಕ್ಕೆ ನಿಂತುಹೋದ ಕೊನೆಯ ಆರ್‌ಎಕ್ಸ್-7ರಲ್ಲಿ ಎರಡು ರೋಟರ್. ಒಂದೊಂದು 654 ಸಿಸಿ, ಒಟ್ಟು 1308. ಅದು ಸಾಲದವರು ಆ ಇಂಜಿನ್ ಕಿತ್ತು, ಮೂರು ರೋಟರಿನ 1962 ಸಿಸಿಯ 20ಬಿ ಇಂಜಿನ್ ಕೂರಿಸುತ್ತಾರೆ. ಮಜ್ದಾ ಅದನ್ನು 1990ರ ಯುನೊಸ್ ಕಾಸ್ಮೊ ಎಂಬ ಬೇರೆಯೇ ಕಾರಿಗೆ ಮಾಡಿತ್ತು. ಭಾಯ್‌ಜಾನ್ ಅದರ ಸದ್ದಿಗೆ ಮರುಳಾದ. ನನ್ನ ಕಣ್ಣು ಹೋದದ್ದು ಉಳಿದದ್ದರ ಕಡೆಗೆ. ಒಂದು ರೋಟರ್ ಹೆಚ್ಚಾದರೆ ಇಂಜಿನ್ ಉದ್ದವಾಗುತ್ತದೆ, ಮೂತಿಯ ಭಾರ ಏರುತ್ತದೆ. ಇಂಜಿನ್ ಕೂರುವ ಜಾಗವನ್ನೇ ಬೇರೆ ಮಾಡಬೇಕು. ಶಾಖ ಹೆಚ್ಚು, ಹಾಗಾಗಿ ರೇಡಿಯೇಟರ್ ದೊಡ್ಡದು. ಪೆಟ್ರೋಲ್ ಪಂಪು, ಕ್ಲಚ್ಚು, ಬ್ರೇಕು, ಎಲ್ಲವೂ ಸರದಿಯಲ್ಲಿ ಕೈ ಚಾಚುತ್ತವೆ.

ಇದೆಲ್ಲ ಮೊಬೈಲಿನಲ್ಲೇ ಉಳಿಯುತ್ತಿತ್ತು, ಕಳೆದ ಬೇಸಿಗೆಯಲ್ಲಿ ಅಬ್ಬಾರ ಆರ್‌ಎಕ್ಸ್ 100ರ ಪಿಸ್ಟನ್ ಹಿಡಿದುಕೊಳ್ಳದಿದ್ದರೆ. ಅಬ್ಬಾ ಬಟ್ಟೆಯ ಗಂಟು ಹೇರಿಕೊಂಡು ಗಜೇಂದ್ರಗಡ ಸುತ್ತಿನ ಹಳ್ಳಿಗಳಿಗೆ ಹೋಗುವುದು ಅದರ ಮೇಲೇ. ಬೈಕು ನಿಂತರೆ ಮನೆಯ ವ್ಯಾಪಾರವೂ ನಿಂತಂತೆ. ಸಿಲಿಂಡರ್ ಬೋರ್ ಮಾಡಿಸುವುದು ಒಂದು ದಾರಿ. ಭಾಯ್‌ಜಾನ್ ಇನ್ನೊಂದು ದಾರಿ ಹುಡುಕಿದ್ದ: ಹುಬ್ಬಳ್ಳಿಯ ಗುಜರಿಯಿಂದ ಆರ್‌ಎಕ್ಸ್ 135ರ ಇಂಜಿನ್.

“ಹೆಂಗೂ ರೊಕ್ಕ ಹಾಕಾಕತ್ತೇವಿ ಅಬ್ಬಾ, ದೊಡ್ಡದ ಕೂಡ್ರಿಸೂಣು. ಗಂಟು ಹೇರಿದ್ರೂ ಏರು ಹತ್ತತೈತಿ” ಎಂದ.

ಮಿಸ್ತ್ರಿ ಕಾಕಾ ನಕ್ಕರು. “ಬೋಲ್ಟ್ ಕೂಡ್ತಾವ ತಮ್ಮಾ, ಕೂಡ್ರಸೂದು ದೊಡ್ಡ ಕೆಲಸ ಅಲ್ಲ. ಓಡಾಕತ್ತಿದ ಮ್ಯಾಲೆ ನಿಲ್ಲಸೂದು ಹೆಂಗ?”

ಆ ರಾತ್ರಿ ನಾನು ನೋಟ್‌ಬುಕ್ ತೆಗೆದೆ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ 50. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ 98 ಸಿಸಿ. 135ರ ಸ್ಟ್ರೋಕ್ ಅಷ್ಟೇ, ಬೋರ್ 58. ಬರೀ ಎಂಟು ಮಿಲಿಮೀಟರ್, ಸಿಸಿ ಮಾತ್ರ 132! ಲೆಕ್ಕ ಭಾಯ್‌ಜಾನ್‌ನ ಪರವಾಗಿತ್ತು. ಮುಂದಿನ ಪುಟದಲ್ಲಿ ಅರ್ಧ ಎಂ ವಿ ಸ್ಕ್ವೇರ್ ಇತ್ತು. 60ರ ವೇಗದಲ್ಲಿ ಹೋಗುವ ಬೈಕು 80ಕ್ಕೆ ಏರಿದರೆ, ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 1.8 ಪಟ್ಟು. ನಮ್ಮದು ಹಳೆಯ ಚಾಸಿ, ಸವೆದ ಡ್ರಮ್ ಬ್ರೇಕು, ಹಿಂದೆ ಗಂಟು, ಎಷ್ಟೋ ದಿನ ಗಂಟಿನ ಮುಂದೆ ನಾನು.

“80 ಯಾರ್ ಓಡಸ್ತಾರ?” ಎಂದ ಭಾಯ್‌ಜಾನ್. ಒಳಗಿನಿಂದ ಅಮ್ಮಿ ಕೇಳಿದರು: “ಓಡಸಂಗಿಲ್ಲ ಅಂದ್ರ ದೊಡ್ಡದು ಯಾಕ್ ಬೇಕು?” ಭೌತಶಾಸ್ತ್ರದ ಪುಸ್ತಕದಲ್ಲಿ ಇಷ್ಟು ಚಿಕ್ಕ ಉತ್ತರ ನಾನು ಕಂಡಿಲ್ಲ.

ಅಬ್ಬಾರಿಗೆ ತಟ್ಟಿದ್ದು ಇವೆರಡೂ ಅಲ್ಲ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಸಿಸಿ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಜಿನ್ ಬದಲಿಸಿದರೆ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. 2019ರ ತಿದ್ದುಪಡಿಯ ನಂತರ, ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಾನು ಇದನ್ನು ಓದಿ ಹೇಳಿದಾಗ ಅಬ್ಬಾ ದಂಡದ ಮಾತೇ ಎತ್ತಲಿಲ್ಲ. “ಗುಜರಿ ಇಂಜಿನ್ ಮ್ಯಾಲಿನ ನಂಬರ್ ಯಾರದು?” ಎಂದು ಕೇಳಿದರು. ಯಾರದೋ ಮನೆ ಮುಂದಿನಿಂದ ಕದ್ದ ಬೈಕಿನದಾಗಿದ್ದರೆ? ಅದರ ಮೇಲೆ ಗಂಟು ಹೇರಿ ಮನೆಮನೆಗೆ ಹೇಗೆ ಹೋಗುವುದು? ಭಾಯ್‌ಜಾನ್ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ತಾನೇ ಸಿಲಿಂಡರ್ ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋದ.

135 ಪಕ್ಕದಲ್ಲಿ ಹಾದುಹೋದರೆ ನನ್ನ ಕತ್ತೂ ತಿರುಗುತ್ತದೆ, ಸುಳ್ಳೇಕೆ ಹೇಳಲಿ. ಲೇತ್‌ನವರು ಅರ್ಧ ಮಿಲಿಮೀಟರ್ ಬೋರ್ ಮಾಡಿ 50.5ರ ಓವರ್‌ಸೈಜ್ ಪಿಸ್ಟನ್ ಹಾಕಿಕೊಟ್ಟರು. ನಾನು ಮತ್ತೆ ಸೂತ್ರ ಹಾಕಿದೆ: 100.1 ಸಿಸಿ. ತೋರಿಸಿದಾಗ ಭಾಯ್‌ಜಾನ್ ಮೊದಲ ಸಲ ನಕ್ಕ. “ಇಷ್ಟ್ ವರ್ಷ ಹೆಸರಿಗಷ್ಟ ನೂರ್ ಇತ್ತು. ಈಗ ಖರೇನ ನೂರಾತು ನೋಡು.”